ಉಪಚುನಾವಣೆಗೆ ವಿಮಾನದ ಟಿಕೆಟ್

ಕೇಳಿದಿರಾ, ಇವತ್ತು ಬೆಳಿಗ್ಗೆ ದುಬೈಯ ಅಲ್ ಕುಸೈಸ್‌ನ ನಮ್ಮ ಮನೆಗೂ ಚುನಾವಣಾ ಪ್ರಚಾರ ಬಂತು! ಊರಿನ ಪುರಸಭೆಯ ಉಪಚುನಾವಣೆಗೆ ನಿಂತಿರುವ ನನ್ನ ತಂಗಿಯ ಮಗ ಫೋನು ಮಾಡಿದ. ಕಳೆದ ಸಲ ಅವನು ಒಂದೇ ಓಟಿನಲ್ಲಿ ಸೋತವನು.

“ದೊಡ್ಡಮ್ಮ, ನೀವು ಬಂದು ಓಟು ಹಾಕಲೇಬೇಕು. ವಿಮಾನದ ಟಿಕೆಟ್ ನಾನು ಮಾಡಿಸ್ತೇನೆ.”

“ಅಭ್ಯರ್ಥಿ ಟಿಕೆಟ್ ಕೊಟ್ಟರೆ ಅದು ಲಂಚ ಮಾರಾಯ. ನನ್ನ ಖರ್ಚಿನಲ್ಲೇ ಬರ್ತೇನೆ.”

“ನೀವು ದೇವರ ಹಾಗೆ ದೊಡ್ಡಮ್ಮ! ಓಟು ನನಗೇ ಅಲ್ವಾ?”

“ಅದನ್ನು ಕೇಳುವ ಹಾಗಿಲ್ಲ. ಮತದಾನ ಗುಪ್ತ.”

ಅವನು ಮೆಲ್ಲಗೆ ರಾಗ ಬದಲಿಸಿ, “ಇಲ್ಲಿ ವಿಪರೀತ ಸೆಕೆ ದೊಡ್ಡಮ್ಮ. ಈ ವಯಸ್ಸಿನಲ್ಲಿ ನಿಮಗೆ ಪ್ರಯಾಣ ಯಾಕೆ?” ಎಂದ.

ದುಬೈಯಲ್ಲಿ ಕೂತವಳಿಗೆ ಸೆಕೆಯ ಹೆದರಿಕೆ! ಮಂಗಳೂರಿನ ವಿಮಾನಕ್ಕೆ ಸೀಟು ಹಿಡಿದಾಯಿತು. ಓಟು ಯಾರಿಗೆ ಎಂದು ನೀವೂ ಕೇಳಬೇಡಿ.