ಒದ್ದೆ ಗೋಣಿಯ ಕೆಳಗಿನ ಸೊಪ್ಪು

ಭೇದಿಯಾದ ಮಗು ಸಾಯುವುದು ಮೈಯಲ್ಲಿನ ನೀರು ಬತ್ತಿ. ಇಷ್ಟಾದರೂ ಎಲ್ಲರಿಗೂ ಗೊತ್ತಿರಬೇಕಿತ್ತು. ೧೯೮೨ರಲ್ಲಿ ಹುತ್ತೂರು ಹೋಬಳಿಯ ಒಂದು ಹಳ್ಳಿಯಲ್ಲಿ ಗೊತ್ತಿರಲಿಲ್ಲ. ಗೊತ್ತಿದೆಯೇ ಎಂದು ಕೇಳಲು ಹೋದವಳು ನರ್ಸ್ ವೆಂಕಟರತ್ನಮ್ಮ.

ಮುಳಬಾಗಿಲಿನ ಕಡೆಯವಳು, ಮನೆಮಾತು ತೆಲುಗು, ಮೂವತ್ತು ದಾಟಿದ್ದರೂ ಮದುವೆಯಾಗಿರಲಿಲ್ಲ. ಆರೋಗ್ಯದ ವಿಚಾರದಲ್ಲಿ ಜನಕ್ಕೆ ಏನು ತಿಳಿದಿದೆ, ಏನು ರೂಢಿಯಲ್ಲಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರಬೇಕೆಂದು ಮೇಲಿನವರ ಅಪ್ಪಣೆ. ಯಾವ ಊರಿಗೆ ಎಂಥ ಆರೈಕೆ ಬೇಕೆಂದು ಆಮೇಲೆ ತೀರ್ಮಾನಿಸುತ್ತಾರಂತೆ. ಪ್ರಶ್ನೆ ಬರೆದ ಮಹನೀಯರು ಈ ಕಡೆಯ ಒಂದು ಹೊಸ್ತಿಲನ್ನೂ ತುಳಿದವರಲ್ಲ. "ಕೈ ತೊಳೀತೀರಾ?" ಎಂದರೆ ಎಲ್ಲ ಮನೆಯಲ್ಲೂ ಒಂದೇ ಉತ್ತರ: "ತೊಳೀದೆ ಇರ್ತೀವಾ?" ಆಕೆಗೂ ಸಮಾಧಾನವಾಗಿತ್ತು. ಅದು ರೇಷ್ಮೆ ಹುಳು ಮುಟ್ಟುವ ಮುಂಚೆ ತೊಳೆಯುವ ಕೈ, ಮಗುವಿಗೆ ಉಣಿಸುವ ಮುಂಚೆ ತೊಳೆಯುವುದಲ್ಲ ಎಂಬುದು ಆಕೆಗೂ ತಡವಾಗಿಯೇ ತಿಳಿಯಿತು.

ತಿಳಿದದ್ದು ದೊಡ್ಡಗಂಗಮ್ಮನ ಮನೆಯಲ್ಲಿ. ಹುಳು ಪೊರೆ ಕಳಚಿ ಸೊಪ್ಪು ಮುಕ್ಕುತ್ತಿದ್ದ ಸಮಯ. ಆಗ ಹೊರಗಿನವರನ್ನು ಒಳಗೆ ಬಿಡುವುದಿಲ್ಲ, ಮನೆಯವರೂ ಕೈ ತೊಳೆದೇ ಒಳಗೆ ಹೋಗಬೇಕು; ಮಗುವಿಗೆ ಉಣಿಸಲು ಆ ಕಟ್ಟಳೆಯಿಲ್ಲ. ಜಗಲಿಯ ಮೇಲೆ ಸೊಸೆ ಭಾರತಮ್ಮನ ಮಡಿಲಲ್ಲಿ ಭೇದಿ ಹತ್ತಿದ ವರ್ಷದ ಮಗು. ಕಣ್ಣು ಗುಳಿ ಬಿದ್ದಿತ್ತು. ಅಳುತ್ತಿದ್ದರೂ ಕಣ್ಣೀರಿರಲಿಲ್ಲ.

"ನೀರು ಕೊಟ್ಯಾ?"

"ಅತ್ತೆ ಬೇಡ ಅಂದ್ರು ಅಕ್ಕಾ."

ಬಾಗಿಲಿಗೆ ಅಡ್ಡ ನಿಂತ ದೊಡ್ಡಗಂಗಮ್ಮ ಗದರಿದಳು. "ಒದ್ದೆ ಸೊಪ್ಪು ಹಾಕಿದ್ರೆ ಹುಳಾನೇ ಉಚ್ಕೊಂಡು ಸಾಯ್ತದೆ, ಕೂಸು ತಡ್ಕೊತದಾ? ಒಂದೂ ಹೆತ್ತಿಲ್ಲ, ನಂಗೆ ಹೇಳೋಕ್ ಬಂದ್ಬಿಟ್ಲು ನರ್ಸಮ್ಮ!"

ತರಬೇತಿಯಲ್ಲಿ ಕಲಿತ ಭಾಷಣ ವೆಂಕಟರತ್ನಮ್ಮನ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಜಗಲಿಯ ಮೂಲೆಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಗುಡ್ಡೆ. ಅದರ ಮೇಲೆ ಒದ್ದೆ ಗೋಣಿ.

"ಗೋಣಿ ಯಾಕಮ್ಮ ನೆನೆಸಿ ಹೊದಿಸಿದ್ದೀಯ?"

"ಇಲ್ದಿದ್ರೆ ಬಾಡ್ತದೆ. ಬಾಡಿದ್ದನ್ನ ಹುಳ ಮೂಸೂ ನೋಡಲ್ಲ. ಅಷ್ಟೂ ಗೊತ್ತಿಲ್ವಾ ನಿಂಗೆ?"

"ಗೊತ್ತಿಲ್ಲ, ಹೇಳ್ಕೊಡು. ಬಾಡಿದ್ದು ಹೆಂಗ್ ಗೊತ್ತಾಗ್ತದೆ?"

"ಬಗ್ಗಿಸಿ ಬಿಟ್ರೆ ಎದ್ದು ಬರಲ್ಲ, ಬಗ್ಗಿದಂಗೇ ಇರ್ತದೆ."

ವೆಂಕಟರತ್ನಮ್ಮ ಮಗುವಿನ ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಎತ್ತಿ ಬಿಟ್ಟಳು. ಎದ್ದ ಮಡಿಕೆ ತಟ್ಟನೆ ಇಳಿಯಲಿಲ್ಲ.

ದೊಡ್ಡಗಂಗಮ್ಮ ಬಗ್ಗಿ ನೋಡಿದಳು. ತಾನೂ ಒಮ್ಮೆ ಚಿವುಟಿ ನೋಡಿದಳು. ಆಮೇಲೆ ಸೊಸೆಯ ಮೇಲೆ ಹಾರಿದಳು. "ಲೇ ಭಾರತಿ, ಏನ್ ನೋಡ್ತಾ ಕೂತಿದ್ದೀಯ, ಚೊಂಬು ತಾರೇ!"

ಕಾಯಿಸಿ ಆರಿಸಿದ ನೀರಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ. ಗುಟುಕು ಗುಟುಕಾಗಿ ಕುಡಿಸಿದರು. ಇಳಿಹೊತ್ತಿಗೆ ಮಗು ಉಚ್ಚೆ ಹೊಯ್ದು ಅಜ್ಜಿಯ ಸೀರೆ ಒದ್ದೆ ಮಾಡಿತು. "ಥೂ ಕಳ್ಳ!" ಎನ್ನುತ್ತ ಅಜ್ಜಿ ಸೆರಗು ಹಿಂಡಿದಳು, ಮುಖ ಮಾತ್ರ ಅರಳಿತ್ತು.

ಮರುದಿನದಿಂದ ವೆಂಕಟರತ್ನಮ್ಮ ಮೇಲಿನವರ ಪ್ರಶ್ನೆ ಬಿಟ್ಟು ತನ್ನದನ್ನೇ ಕೇಳತೊಡಗಿದಳು: "ಹೋದ ಸಲ ಮಗೂಗೆ ಭೇದಿ ಆದಾಗ ಏನ್ ಮಾಡಿದ್ರಿ? ಯಾಕ್ ಹಂಗ್ ಮಾಡಿದ್ರಿ?" ಅದೇ ಬೀದಿಯಲ್ಲಿ, ಒಳ್ಳೆಯದಕ್ಕೆಂದೇ ನೀರು ನಿಲ್ಲಿಸಿ ಮಗು ಕಳೆದುಕೊಂಡ ತಾಯಂದಿರು ಸಿಕ್ಕರು. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ.

ಓದಿದವರು ನೀವು. ಇದನ್ನು ಮಡಿಸಿಟ್ಟು ಎದ್ದೇಳಿ. ಪಕ್ಕದ ಮನೆಯ ತಾಯಿಗೆ ಆ ಎರಡು ಪ್ರಶ್ನೆ ಕೇಳಿ. ಅವಳ ಉತ್ತರ ಪೂರ್ತಿ ಕೇಳಿಸಿಕೊಂಡ ಮೇಲೆ ಬಾಯಿ ಬಿಡಿ.