ನೀವು ಎಂಬ ಬೈಗುಳ

ಆದೋನಿಯ ಹೈಸ್ಕೂಲಿನಲ್ಲಿ ನಾನು ಮುಖ್ಯೋಪಾಧ್ಯಾಯರನ್ನು ಬೈದೆನೆಂದು ಇಂದಿಗೂ ಹೇಳುವವರಿದ್ದಾರೆ. ಈಚೆಗೆ ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಎದುರಿನ ಎಲೆಗೆ ಕುಳಿತ ವೃದ್ಧರೊಬ್ಬರು ನನ್ನ ಮೊಮ್ಮಗನಿಗೆ ಕೇಳಿಸುವಂತೆಯೇ, "ನಿಮ್ಮ ಮುತ್ಯಾನ ಬಾಯಿ ಸಣ್ಣದಲ್ಲಪಾ, ಹೆಡ್‌ಮಾಸ್ಟರಿಗೇ ಬೈದಾಂವ ಅದಾನ" ಎಂದು ನಕ್ಕರು. ಆ ದಿನ ಸಭಾಂಗಣದಲ್ಲಿ ಈ ಮಹನೀಯರು ಕುಳಿತಿದ್ದದ್ದು ನನ್ನ ಹಿಂದಿನ ಬೆಂಚಿನಲ್ಲಿ. ಅವರ ಕಿವಿಗೆ ಬಿದ್ದದ್ದು ಏನೆಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಹೋಳಿಗೆಯನ್ನು ಮುರಿಯುತ್ತಾ ಹೇಳಿದ ಮಾತನ್ನು ಅಲ್ಲಿಯೇ ತಿದ್ದಿದರೆ ಮದುವೆಮನೆಯ ಶುಭಕ್ಕೆ ಭಂಗ ಬರುತ್ತಿತ್ತು. ಆದ್ದರಿಂದ ಇಲ್ಲಿ ತಿದ್ದುತ್ತಿದ್ದೇನೆ. ನಾನು ಬೈಯಲಿಲ್ಲ. ನಾನು ಆಡಿದ್ದು ನನಗೆ ಗೊತ್ತಿದ್ದ ಅತ್ಯಂತ ಮರ್ಯಾದೆಯ ಮಾತು.

ನಮ್ಮ ಊರು ಕೌತಾಳಂ. ತಂದೆಯವರದು ಹತ್ತಿಯ ವ್ಯಾಪಾರ. ಮನೆಯಲ್ಲಿ ಕನ್ನಡ, ಹೊಲದಲ್ಲಿ ಕನ್ನಡ, ಮಠದಲ್ಲಿ ಕನ್ನಡ. ತೆಲುಗನ್ನು ನಾವು ಕಲಿತದ್ದು ಆದೋನಿಯ ಹತ್ತಿಯ ಅಂಗಳಗಳಲ್ಲಿ, ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕುಳಿತು. ಅಲ್ಲಿ ದರ ಮಾತನಾಡುವವರು ಒಂದು ವಾಕ್ಯವನ್ನು ಕನ್ನಡದಲ್ಲಿ ಆರಂಭಿಸಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಸಲುಗೆಯವನಿಗೆ ತೆಲುಗಿನಲ್ಲಿ 'ನುವ್ವು' ಎನ್ನುತ್ತಾರೆಂದು ನಮಗೆ ಗೊತ್ತಿತ್ತು. ಅದಕ್ಕಿಂತ ಮೇಲಿನವರಿಗೆ 'ನೀವು' ಎನ್ನಬೇಕೆಂಬುದು ನಮ್ಮ ರಕ್ತದಲ್ಲಿಯೇ ಇತ್ತು. ತೆಲುಗಿನಲ್ಲಿ ಅದೇ ನಾಲಿಗೆಯ ಅದೇ ಹೊರಳಿನ 'ನೀವು' ಎಂಬುದು 'ನೀನು' ಎಂದರ್ಥ ಕೊಡುತ್ತದೆಂದೂ, ದೊಡ್ಡವರಿಗೆ 'ಮೀರು' ಎನ್ನಬೇಕೆಂದೂ ಪುಸ್ತಕದಲ್ಲಿ ಇತ್ತು. ಆದರೆ ಪುಸ್ತಕದಲ್ಲಿ 'ಮೀರು' ಎನ್ನುತ್ತಿದ್ದವರು ಋಷಿಗಳೆದುರು ನಿಂತ ರಾಜರು. ಅಂಗಳದಲ್ಲಿ ಆ ಮಾತನ್ನು ಯಾರ ಬಾಯಲ್ಲಿಯೂ ನಾನು ಕೇಳಿರಲಿಲ್ಲ. ನಮ್ಮ ಕಡೆಯ ತೆಲುಗು ರೈತರೂ ನಮ್ಮೊಡನೆ ಆಡಿ ಆಡಿ, 'ನೀವು' ಎಂದು ಹೇಳಿ ಕ್ರಿಯಾಪದಕ್ಕೆ ಮಾತ್ರ ಗೌರವದ 'ಆರು' ಪ್ರತ್ಯಯವನ್ನು ಹಚ್ಚುತ್ತಿದ್ದರು. ಅದರಲ್ಲಿ ಯಾರೂ ಅವಮಾನ ಕಂಡವರಲ್ಲ.

ನಾನು ಕೊನೆಯ ತರಗತಿಯಲ್ಲಿದ್ದ ವರ್ಷ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ತೆಲುಗು ಕರಾವಳಿಯ ಸರ್ಕಾರು ಜಿಲ್ಲೆಗಳ ಕಡೆಯಿಂದ ಹೊಸ ಮುಖ್ಯೋಪಾಧ್ಯಾಯರು ಬಂದರು. ಅಚ್ಚ ತೆಲುಗಿನವರು, ಇಸ್ತ್ರಿಯ ಕೋಟಿನವರು. ಬಂದೊಡನೆ ಶನಿವಾರಗಳಂದು ಚರ್ಚಾಸಭೆಯನ್ನು ಏರ್ಪಡಿಸಿದರು. ಒಂದು ವಾರ ಇಂಗ್ಲಿಷು, ಒಂದು ವಾರ ತೆಲುಗು. ಶಾಲೆಯ ಅರ್ಧದಷ್ಟು ಹುಡುಗರ ಮನೆಮಾತಾದ ಕನ್ನಡಕ್ಕೆ ಸರದಿ ಇರಲಿಲ್ಲ. ಇದನ್ನೂ ನಾನು ಮರೆತಿಲ್ಲ. ಮೊದಲ ಸಭೆಯಲ್ಲಿಯೇ ಅವರು ಮೇಜಿನ ಮೇಲೆ ಅಂಗೈಯೂರಿ ಘೋಷಿಸಿದರು: ಈ ಸಭಾಂಗಣದೊಳಗೆ ಯಾರು ಏನನ್ನು ಬೇಕಾದರೂ ಹೇಳಬಹುದು, ಹೇಳಿದ ಮಾತಿಗಾಗಿ ಇಲ್ಲಿ ಯಾರಿಗೂ ಶಿಕ್ಷೆಯಿಲ್ಲ. ನಾವು ಚಪ್ಪಾಳೆ ತಟ್ಟಿದೆವು. ಅಂಥ ಮಾತನ್ನು ನಮಗೆ ಅದುವರೆಗೆ ಯಾರೂ ಹೇಳಿರಲಿಲ್ಲ.

ಕೆಲವು ವಾರಗಳ ಬಳಿಕ, ಯುದ್ಧದಿಂದ ನಾಗರಿಕತೆಗೆ ಲಾಭವಿದೆಯೇ ಎಂಬ ವಿಷಯ ಬಂದಿತು. ದೇವನಕೊಂಡದ ಕಡೆಯಿಂದ ಬಂದ ನನ್ನ ಸಹಪಾಠಿಯೊಬ್ಬ ಎದ್ದು ನಿಂತ. ಅವನ ಮನೆಯವರು ಕುರಿ ಸಾಕುವವರು. ನಮ್ಮನ್ನು ಕೇಳದೆ ನಮ್ಮ ಹೆಸರಿನಲ್ಲಿ ಯುದ್ಧ ಹೂಡಿದವರು ಕುರಿಯನ್ನು ಕೇಳದೆ ದರ ಕಟ್ಟುವ ಕಟುಕರಂತೆ ಎಂದು ಅವನು ಹೇಳಿದ. ಅವನಿಗೆ ಕಟುಕ ಎಂಬುದು ಬೈಗುಳವಾಗಿರಲಿಲ್ಲ. ಕಟುಕನೆಂದರೆ ಸಂತೆಯ ಹಿಂದಿನ ದಿನ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು, ಅವನ ತಾಯಿ ಕೊಟ್ಟ ಮಜ್ಜಿಗೆ ಕುಡಿದು ಹೋಗುವ ಪರಿಚಯದ ಮನುಷ್ಯ. ಸೋಮವಾರ ಅವನ ಅಂಗೈಗೆ ಬೆತ್ತ ಬಿತ್ತು, ಆ ವಾರವೆಲ್ಲ ಅವನು ತರಗತಿಯ ಹೊರಗೆ ಬಿಸಿಲಿನಲ್ಲಿ ನಿಂತ. ಕಾರಣ ಎಂದು ಹಲಗೆಯ ಮೇಲೆ ಬರೆದದ್ದು: ಅಸಭ್ಯ ಭಾಷೆ.

ಮುಂದಿನ ಶನಿವಾರ ನಾನು ಎದ್ದೆ. ವಾಕ್ಯವನ್ನು ಹಿಂದಿನ ದಿನವೇ ತೂಗಿ ಜೋಡಿಸಿಕೊಂಡಿದ್ದೆ. "ಸಾರ್, ಇಕ್ಕಡ ಏಮಿ ಮಾಟ್ಲಾಡಿನಾ ಶಿಕ್ಷ ಲೇದನಿ ನೀವು ಚೆಪ್ಪಿನಾರು. ಮರಿ ವಾಣ್ಣಿ ಬಯಟ ಎಂದುಕು ನಿಲಬೆಟ್ಟಿನಾರು?" ಎಂದು ಕೇಳಿದೆ. ಇಲ್ಲಿ ಏನು ಮಾತನಾಡಿದರೂ ಶಿಕ್ಷೆಯಿಲ್ಲವೆಂದು ನೀವು ಹೇಳಿದಿರಿ, ಹಾಗಾದರೆ ಅವನನ್ನು ಹೊರಗೆ ಏಕೆ ನಿಲ್ಲಿಸಿದಿರಿ ಎಂಬುದಷ್ಟೇ ಅದರ ಅರ್ಥ. 'ಚೆಪ್ಪಿನಾರು' ಎಂದೆ, 'ನಿಲಬೆಟ್ಟಿನಾರು' ಎಂದೆ. ಎರಡೂ ಬಹುವಚನ, ಎರಡೂ ಗೌರವದ ರೂಪಗಳು.

ಅವರು ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು. "ಏಮನ್ನಾವು? ನನ್ನನ್ನು ಏನೆಂದು ಕರೆದೆ?"

ನನ್ನ ಮರ್ಯಾದೆ ಅವರಿಗೆ ಸರಿಯಾಗಿ ಕೇಳಿಸಲಿಲ್ಲವೆಂದು ನಾನು ಭಾವಿಸಿದೆ. "ನೀವು ಅನ್ನಾನು ಸಾರ್" ಎಂದು ಇನ್ನೂ ಸ್ಪಷ್ಟವಾಗಿ, ಇನ್ನೂ ಗಟ್ಟಿಯಾಗಿ ಹೇಳಿದೆ. ತೆಲುಗು ಮನೆಗಳ ಹುಡುಗರು ಬೆಂಚು ಬಡಿದು ನಕ್ಕರು. ನಮ್ಮ ಹುಡುಗರು ಏಕೆಂದು ತಿಳಿಯದೆ ಅವರ ಮುಖ ನೋಡಿದರು.

ಅಂದೇ ಆಜ್ಞೆ ಹೊರಟಿತು. ಸಭೆಯಲ್ಲಿ ಮುಖ್ಯೋಪಾಧ್ಯಾಯರನ್ನು ಏಕವಚನದಲ್ಲಿ ಸಂಬೋಧಿಸಿ ಅವಮಾನಿಸಿದ ವಿದ್ಯಾರ್ಥಿಯು ಸೋಮವಾರ ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯೆದುರು ಕ್ಷಮೆ ಬೇಡಬೇಕು. ತಪ್ಪಿದರೆ ಕೊನೆಯ ಸಾರ್ವಜನಿಕ ಪರೀಕ್ಷೆಗೆ ಅವನ ಅರ್ಜಿಯನ್ನು ಕಳುಹಿಸಲಾಗುವುದಿಲ್ಲ. ನಮ್ಮ ವಂಶದಲ್ಲಿ ಆ ಪರೀಕ್ಷೆಯ ತನಕ ಬಂದವನು ನಾನೊಬ್ಬನೇ. ಅದನ್ನು ಬರೆಯದಿದ್ದರೆ ಹತ್ತಿಯ ಅಂಡಿಗೆಗಳ ನಡುವಿನ ಜಾಗ ನನಗಾಗಿ ಕಾದೇ ಇತ್ತು.

ನಾನು ಶಾಲೆಯ ಕನ್ನಡ ಪಂಡಿತರ ಬಳಿಗೆ ಓಡಿದೆ. ನಮ್ಮ ಕಡೆಯವರೇ, ಎರಡೂ ಭಾಷೆಗಳ ವ್ಯಾಕರಣವನ್ನು ಅರೆದು ಕುಡಿದವರು. ನನ್ನ ವಾಕ್ಯವನ್ನು ಅವರೆದುರು ಇಟ್ಟು, ಏಕವಚನದಲ್ಲಿ ಬೈಯುವವನು 'ಚೆಪ್ಪಿನಾವು' ಎನ್ನುತ್ತಿರಲಿಲ್ಲವೇ, ನಾನು 'ಚೆಪ್ಪಿನಾರು' ಎಂದದ್ದೇ ನನಗೆ ಸಾಕ್ಷಿಯಲ್ಲವೇ, ಇದನ್ನು ನೀವು ಅವರಿಗೆ ತಿಳಿಸಬಾರದೇ ಎಂದು ಕೇಳಿದೆ.

ಪಂಡಿತರು ನಶ್ಯದ ಡಬ್ಬಿಯನ್ನು ತಿರುವುತ್ತಾ ಕುಳಿತರು. "ತಮ್ಮಾ, ವ್ಯಾಕರಣ ನಿನ್ನ ಕಡೆ ಐತಿ. ನನ್ನ ನೌಕರಿ ಅವರ ಕಡೆ ಐತಿ."

"ಹಂಗಂದ್ರ ನೀವು ಹೇಳಂಗಿಲ್ಲೇನ್ರಿ?"

"ನನಗ ನೀವು ಅನ್ನು, ಅಡ್ಡಿಯಿಲ್ಲ. ಅಲ್ಲಿ ಮೀರು ಅನ್ನು." ಹೀಗೆಂದು ಅವರೇ ನಕ್ಕರು. "ನೋಡು ಹೆಂಗೈತಿ. ನಮ್ಮ ಮಾತಿನ್ಯಾಗ ಮೀರು ಅಂದ್ರ ಗೆರಿ ದಾಟು ಅಂತ. ಅವರಲ್ಲಿ ಅದ ಮರ್ಯಾದಿ."

ನಾನು ನಗಲಿಲ್ಲ. ಬಾಲ್ಯದಿಂದ ನನಗೆ ಸಂಧಿ ಸಮಾಸಗಳನ್ನು ಕಲಿಸಿದವರು ಅಗತ್ಯ ಬಿದ್ದ ದಿನ ನನಗೆ ಕೊಟ್ಟದ್ದು ಒಂದು ಚಮತ್ಕಾರದ ಮಾತು. ಕ್ಷಮಾಪಣೆಯನ್ನು ಬರೆದುಕೊಡುವ ಕೆಲಸವನ್ನು ಅದೇ ಸಂಜೆ ಅವರಿಗೇ ಒಪ್ಪಿಸಲಾಯಿತು, ಅವರು ಒಪ್ಪಿಕೊಂಡರು.

ಭಾನುವಾರ ತಂದೆಯವರು ಕೌತಾಳಂನಿಂದ ಬಂದು ನನ್ನನ್ನು ಕರೆದುಕೊಂಡು ಮುಖ್ಯೋಪಾಧ್ಯಾಯರ ಮನೆಗೆ ಹೋದರು. ಒಳಗೆ ಕಾಲಿಡುವ ಮೊದಲು ರುಮಾಲನ್ನು ಸರಿಪಡಿಸಿಕೊಂಡರು, ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟರು. ಕೈ ಜೋಡಿಸಿ, ತಮಗೆ ಬರುತ್ತಿದ್ದ ಅಂಗಳದ ತೆಲುಗಿನಲ್ಲಿ, ಅವರು ದೊಡ್ಡವರು, ಹುಡುಗ ತಿಳಿಯದೆ ಅಂದ, ಅವರೇ ಮನ್ನಿಸಬೇಕು ಎಂದು ಬೇಡಿಕೊಂಡರು: "ಸಾರ್, ನೀವು ಪೆದ್ದವಾರು. ಪಿಲ್ಲಗಾಡು ತೆಲೀಕ ಅನ್ನಾಡು. ನೀವೇ ಮನ್ನಿಂಚಾಲ."

ಮಗನ ಅಪರಾಧವನ್ನು ಕ್ಷಮಿಸಿರೆಂದು ಕೇಳುತ್ತಾ ತಂದೆ ಅದೇ ಅಪರಾಧವನ್ನು ಎರಡು ಬಾರಿ ಮಾಡಿದ್ದರು, ಅದೂ ಕಣ್ಣಲ್ಲಿ ನೀರು ತಂದುಕೊಂಡು. ಮುಖ್ಯೋಪಾಧ್ಯಾಯರು ಅವರ ಜೋಡಿಸಿದ ಕೈಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅವರು ದಡ್ಡರಲ್ಲ. ಎಲ್ಲವೂ ಅವರಿಗೆ ಆ ಕ್ಷಣದಲ್ಲಿ ಅರ್ಥವಾಯಿತೆಂಬುದನ್ನು ನಾನು ಅವರ ಮುಖದ ಮೇಲೆ ಕಂಡೆ.

"ಸಾವುಕಾರಗಾರೂ, ಕುಳಿತುಕೊಳ್ಳಿ" ಎಂದರು. ಮುಂದಿನದನ್ನು ತೆಲುಗಿನಲ್ಲಿ, ನಮಗೆ ತಿಳಿಯುವಂತೆ ನಿಧಾನವಾಗಿ ಹೇಳಿದರು. "ನಿಮ್ಮ ಮಗ ಬೈಯಲಿಲ್ಲವೆಂದು ಈಗ ತಿಳಿಯಿತು. ಆದರೆ ನಾನು ಯಾವುದಾದರೂ ಕಾರಣವನ್ನು ಬರೆಯಲೇಬೇಕು. ಶಬ್ದ ಎಂದು ಬರೆದರೆ ನಾಳೆಗೆ ಮುಗಿಯಿತು. ಪ್ರಶ್ನೆ ಎಂದು ಬರೆದರೆ ಅದನ್ನು ಓದುವವರು ನನ್ನ ಮೇಲಿನವರು. ಇದು ಯುದ್ಧದ ಕಾಲ. ಆಮೇಲೆ ಈ ಜಿಲ್ಲೆಯ ಯಾವ ಶಾಲೆಯೂ ಇವನನ್ನು ಒಳಗೆ ಬಿಡುವುದಿಲ್ಲ."

"ಶಬ್ದಾನ ಬರೀರಿ ಸಾರ್" ಎಂದರು ತಂದೆ, ಕನ್ನಡದಲ್ಲಿಯೇ.

"ನಾ ಕೇಳಿದ್ದು ಪ್ರಶ್ನಿ" ಎಂದೆ ನಾನು. "ಅದನ್ನ ಬರೀಲಿ."

ತಂದೆ ನನ್ನ ತೋಳನ್ನು ಹಿಡಿದು ಹೊರಗೆ ಕರೆತಂದರು. ಬೇವಿನ ಮರದ ಕೆಳಗೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಕೇಳಿದರು: "ಬೈದಿಲ್ಲ ಅಂತ ಅವರ ಒಪ್ಪಿಕೊಂಡರಲ್ಲ, ಇನ್ನೇನ ಬೇಕ ನಿನಗ?"

"ಒಪ್ಪಿಕೊಂಡ ಮ್ಯಾಲೆ ಕ್ಷಮಾ ಯಾಕ ಕೇಳಬೇಕ್ರಿ?"

"ಪರೀಕ್ಷಾ ಕಟ್ಟಲಾಕ." ಸ್ವಲ್ಪ ದೂರ ನಡೆದ ಮೇಲೆ ಮೆಲ್ಲಗೆ ಅಂದರು: "ನಾನೂ ಅಂದೆನಲ್ಲ, ನೀವು ಅಂತ. ನನ್ನನ್ನ ಏನೂ ಮಾಡಲಿಲ್ಲ ಆ ಮನುಷ್ಯಾ. ಅಂದ್ರ ಸಿಟ್ಟು ಆ ಮಾತಿನ ಮ್ಯಾಲ ಅಲ್ಲ. ಅದು ನನಗೂ ತಿಳೀತದ. ಆದರೂ ಕೇಳು."

ಮುಖ್ಯೋಪಾಧ್ಯಾಯರು ನನ್ನನ್ನು ಉಳಿಸಿದರೆಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಆ ವಾದದಲ್ಲಿ ಹುರುಳೇ ಇಲ್ಲವೆಂದು ಹೇಳಲಾರೆ; ಕೆಟ್ಟ ಕಾಲದಲ್ಲಿ ಸಣ್ಣ ಅಪರಾಧದ ನೆರಳು ದೊಡ್ಡದರ ಬಿಸಿಲಿಗಿಂತ ವಾಸಿ ಎನ್ನಬಹುದು. ಆದರೆ ಆ ಅಭಯವಚನವನ್ನು ಕೊಟ್ಟವರು ಅವರು, ಮುರಿದವರು ಅವರು. ಅದನ್ನು ಏಕೆ ಮುರಿದಿರೆಂದು ಕೇಳಿದವನ ನಾಲಿಗೆಯಲ್ಲಿ ಹೊಲಸಿದೆಯೆಂದು ಊರಿಗೆಲ್ಲ ಹೇಳಿದವರೂ ಅವರೇ. ಹೇಳಿದ್ದು ಸುಳ್ಳೆಂದು ತಿಳಿದ ಮೇಲೂ ಹಿಂತೆಗೆದುಕೊಳ್ಳಲಿಲ್ಲ. ಉಪಕಾರವನ್ನು ಹೀಗೆ ಮಾಡುವ ರೂಢಿ ನಮ್ಮ ಕಡೆ ಇರಲಿಲ್ಲ.

ಸೋಮವಾರ ಪ್ರಾರ್ಥನೆಯ ಬಳಿಕ ನನ್ನನ್ನು ಮೆಟ್ಟಿಲ ಮೇಲೆ ನಿಲ್ಲಿಸಿದರು. ತಂದೆ ಕೊನೆಯ ಸಾಲಿನ ಹಿಂದೆ, ರುಮಾಲನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಪಂಡಿತರು ಬರೆದುಕೊಟ್ಟ ತೆಲುಗು ವಾಕ್ಯಗಳನ್ನು ಓದಿದೆ: ಪೂಜ್ಯರನ್ನು 'ಮೀರು' ಎನ್ನಬೇಕಾದಲ್ಲಿ 'ನೀವು' ಎಂದೆನು, ಅಸಭ್ಯ ಭಾಷೆಯನ್ನು ಬಳಸಿದೆನು, ಇನ್ನು ಮುಂದೆ ಬಳಸೆನು. ಅದರಲ್ಲಿ ನಾನು ಏನು ಕೇಳಿದ್ದೆನೆಂಬುದು ಎಲ್ಲಿಯೂ ಇರಲಿಲ್ಲ. ಓದಿ ಮುಗಿಸಿದಾಗ ಮುಖ್ಯೋಪಾಧ್ಯಾಯರು ತಲೆದೂಗಿ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಸಾಲುಗಳತ್ತ ನೋಡಿದರು. ಯಾರಿಗೂ ಇರಲಿಲ್ಲ.

ದೇವನಕೊಂಡದ ಸಹಪಾಠಿ ನೀರಿನ ತೊಟ್ಟಿಯ ಬಳಿ ನನಗಾಗಿ ಕಾದಿದ್ದ. ಅವನ ಅಂಗೈಯ ಬಾವು ಇಳಿದಿತ್ತು. "ಏನ್ರಿ ನೀವು, ಚಲೋ ಓದಿದ್ರಿ" ಎಂದು ಛೇಡಿಸಿದ. ಆಮೇಲೆ ನಗೆಯನ್ನು ಬಿಟ್ಟು, "ನನ್ನ ಸುದ್ದಿ ಒಂದಕ್ಷರ ಬರಲಿಲ್ಲಲೇ ಅದರಾಗ" ಎಂದ. "ಬರಿಯಾಕ ಕೊಡಲಿಲ್ಲೋ" ಎಂದೆ. "ಗೊತ್ತೈತಿ ಬಿಡು. ಕೇಳಿದಾಂವ ನೀನೊಬ್ಬನ" ಎಂದು ಹೇಳಿ ಮುಖ ತೊಳೆದುಕೊಂಡ. ಆ ತಿಂಗಳು ಮುಗಿಯುವುದರೊಳಗೆ ಅವನು ಶಾಲೆ ಬಿಟ್ಟು ಊರಿಗೆ ಹೋದ. ಕಾರಣವನ್ನು ಯಾರೂ ಕೇಳಲಿಲ್ಲ, ಹಲಗೆಯ ಮೇಲೂ ಬರೆಯಲಿಲ್ಲ.

ನನ್ನ ಅರ್ಜಿ ಹೋಯಿತು. ಅದು ಹೋಯಿತೆಂದು ತಿಳಿದ ವಾರವೇ ಚರ್ಚಾಸಭೆಯಲ್ಲಿ ನನ್ನ ಸರದಿ ಬಂದಿತು. ವಿಷಯ, ರೈತನಿಗೆ ಎತ್ತು ಮೇಲೋ ಕೋಣ ಮೇಲೋ. ಮುಖ್ಯೋಪಾಧ್ಯಾಯರು ಎಂದಿನಂತೆ ಅಂಗೈಯೂರಿ, ಇಲ್ಲಿ ನಿರ್ಭಯವಾಗಿ ಮಾತನಾಡಬಹುದೆಂದು ಹೇಳಿ ನನ್ನತ್ತ ಕೈ ತೋರಿದರು. ನಾನು ಎದ್ದು ನಿಂತೆ. ಮೀರು ಅನುಮತಿಸಿದರೆ ಕುಳಿತುಕೊಳ್ಳುತ್ತೇನೆ, ನನಗೆ ಹೇಳುವುದೇನೂ ಇಲ್ಲ ಎಂದು ದೋಷವಿಲ್ಲದ ತೆಲುಗಿನಲ್ಲಿ ಹೇಳಿದೆ.

"ನಿನ್ನ ತೆಲುಗು ಬಾಗುಪಡಿಂದಿ, ಸುಧಾರಿಸಿದೆ" ಎಂದು ಅವರು ಮೆಚ್ಚಿ, ಮುಂದಿನವನನ್ನು ಕರೆದರು.