ಮಾವನ ಜೇಬಿನ ನಿಂಬೆಹಣ್ಣು

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನನಗೆ ಕಾಯಿಲೆ ಬೀಳುವ ಕೆಲಸ ಸಿಕ್ಕಿತು.

ತಮಾಷೆಯಲ್ಲ. ಸಂಬಳ ಇಲ್ಲ, ಮಧ್ಯಾಹ್ನದ ಊಟ ಇದೆ. ಕ್ಲಿನಿಕಲ್ ಸೈಕಾಲಜಿ ಓದುವವರು ನಿಜವಾದ ರೋಗಿಯ ಮುಂದೆ ಕೂರುವ ಮೊದಲು ಸುಳ್ಳು ರೋಗಿಯ ಮುಂದೆ ಕೂತು ಪಳಗಬೇಕಂತೆ. ಡ್ರೈವಿಂಗ್ ಸ್ಕೂಲಿನವರು ಮೊದಲು ಖಾಲಿ ಮೈದಾನಕ್ಕೆ ಕರೆದೊಯ್ಯುವುದಿಲ್ಲವೇ, ಹಾಗೆ. ನಾನು ಆ ಖಾಲಿ ಮೈದಾನ. (ನನ್ನ ತಲೆಯ ಬಗ್ಗೆ ಮನೆಯವರ ಅಭಿಪ್ರಾಯವೂ ಇದೇ.)

ಕರೆದವರು ಅಲ್ಲಿ ಪಾಠ ಮಾಡುವ ಶೈಲಜಾ ಮೇಡಂ. ವಿದ್ಯಾನಗರದ ಗಣಪತಿ ಪೆಂಡಾಲಿನಲ್ಲಿ ನಾನು ಇಡೀ ಬೀದಿಯವರ ಮಿಮಿಕ್ರಿ ಮಾಡಿದ್ದನ್ನು ನೋಡಿದ್ದರು. ಅವರದ್ದನ್ನೂ ಮಾಡಿದ್ದೆ. ಆದರೂ ಕರೆದರು. ದೊಡ್ಡ ಮನಸ್ಸು, ಇಲ್ಲವೇ ಸೇಡು.

"ಜೋರಾಗಿ ಅಳೋದು, ಕೂದಲು ಕಿತ್ಕೊಳ್ಳೋದು ಏನೂ ಬೇಡ. ಬಸ್ಸು ಹತ್ತೋಕೆ ಹೆದರೋ ಒಬ್ಬ ಸಾಧಾರಣ ಮನುಷ್ಯ ಬೇಕು ನಂಗೆ," ಅಂದರು.

ಅಂಥವರನ್ನು ನಾನೆಲ್ಲಿ ಹುಡುಕಲಿ? ಹುಡುಕಬೇಕಾಗಿರಲಿಲ್ಲ. ನಮ್ಮ ಮಾವ ಇದ್ದರು.

ಸೋದರಮಾವ ರುದ್ರಪ್ಪ. ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಭದ್ರಾವತಿಯ ಕಾಗದನಗರದಲ್ಲೇ ವಾಸ. ಆದರೆ ಯಾರಾದರೂ ಕೇಳಿದರೆ ಅವರು ಹೇಳಿಕೊಳ್ಳುವುದು ವಾಲಿಬಾಲ್ ರೆಫ್ರಿ ಎಂದು. ಮಾವ ವಿಷಲ್ ಊದಿದರೆ ಆಟಗಾರರಷ್ಟೇ ಅಲ್ಲ, ಪಕ್ಕದ ರಸ್ತೆಯ ಸೈಕಲ್ಲುಗಳೂ ನಿಲ್ಲುತ್ತಿದ್ದವು.

ಒಂದು ದಿನ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಅವರಿಗೆ ಎದೆ ಡವಗುಟ್ಟಿತು. ಉಸಿರು ಕಟ್ಟಿತು, ಕೈಕಾಲು ಜುಮ್ಮೆಂದವು, ಇನ್ನೇನು ಮುಗಿಯಿತು ಅನ್ನಿಸಿತು. ಇಸಿಜಿ ನೋಡಿದ ಡಾಕ್ಟರು "ಹಾರ್ಟು ಗಟ್ಟಿಯಾಗಿದೆ" ಅಂದರು. ಆ ವಿಷಯ ಹಾರ್ಟಿಗೆ ಗೊತ್ತಾಯಿತು, ಮಾವನಿಗೆ ಗೊತ್ತಾಗಲಿಲ್ಲ. ಆಮೇಲೆ ಬಸ್ಸು ಹತ್ತಬೇಕೆಂದರೆ ಬಾಗಿಲ ಹತ್ತಿರದ ಸೀಟು, ಪಕ್ಕದಲ್ಲಿ ಅತ್ತೆ, ಜೇಬಿನಲ್ಲಿ ಮೂಸಲಿಕ್ಕೊಂದು ನಿಂಬೆಹಣ್ಣು. ಕೊನೆಗೆ ಬಸ್ಸನ್ನೇ ಬಿಟ್ಟರು. ಶಿವಮೊಗ್ಗದ ಟೂರ್ನಮೆಂಟುಗಳಿಂದ ಫೋನ್ ಬಂದಾಗಲೆಲ್ಲ "ಮಂಡಿನೋವು" ಅನ್ನುತ್ತಿದ್ದರು. ಬರಬರುತ್ತ ಫೋನೂ ಕಡಿಮೆಯಾಯಿತು. ವಿಷಲ್ ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಸೇರಿತು.

(ಮಾವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಬರಿ, ಆದ್ರೆ ಪೇಪರಲ್ಲಿ ನಿನ್ನ ಫೋಟೋ ಪಕ್ಕ ನನ್ ಫೋಟೋ ಹಾಕ್ಬೇಡ. ಮರ್ಯಾದೆ ಪ್ರಶ್ನೆ," ಅಂದಿದ್ದಾರೆ.)

ಹೀಗೆ ನಾನು ಮಾವನಾಗಿ ಕಾಲೇಜಿಗೆ ಹೋದೆ. ಅವರದೇ ಕೆಮ್ಮು, ಪಂಚೆ ಎತ್ತಿ ಕೂರುವ ಅವರದೇ ಗತ್ತು, ಕೈಯಲ್ಲಿ ನಿಂಬೆಹಣ್ಣು.

ಮೊದಲ ಹುಡುಗ ಬಂದು ಕೂತ. "ಅಂಕಲ್, ಧೈರ್ಯವಾಗಿರಿ. ಏನೂ ಆಗಲ್ಲ."

"ನಿಲ್ಸಿ," ಅಂದರು ಮೇಡಂ. "ಇದನ್ನ ಇವರ ಹೆಂಡ್ತಿ ದಿನಾ ಹೇಳ್ತಾರೆ, ಫ್ರೀಯಾಗಿ."

ಎರಡನೆಯವಳು ಯೋಗ ಮಾಡಿ, ಪಾಸಿಟಿವ್ ಆಗಿ ಥಿಂಕ್ ಮಾಡಿ ಅಂದಳು. "ಅದು ವಾಟ್ಸಾಪಲ್ಲಿ ಬರುತ್ತೆ. ನೀವು ಇಷ್ಟು ವರ್ಷ ಓದಿದ್ದು ಯಾಕೆ?"

ಅಲ್ಲಿ ಕಲಿಸುವುದು ಸಿಬಿಟಿ ಎಂಬ ಚಿಕಿತ್ಸೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ: ಮನುಷ್ಯ ಏನು ಯೋಚಿಸಿ ಹೆದರುತ್ತಾನೆ, ಹೆದರಿ ಏನು ಮಾಡುತ್ತಾನೆ ಎಂಬುದನ್ನು ಅವನ ಜೊತೆ ಕೂತು ಬಿಡಿಸಿ ನೋಡುವುದು. ಆಮೇಲೆ ಆ ಹೆದರಿಕೆ ನಿಜವೋ ಅಲ್ಲವೋ ಅಂತ ಅವನ ಕೈಯಲ್ಲೇ ಸಣ್ಣದಾಗಿ ಪರೀಕ್ಷೆ ಮಾಡಿಸುವುದು. ಅದಕ್ಕೆ ಮೇಡಂ ಇಟ್ಟ ಕಾಯ್ದೆ ಭಯಂಕರವಾಗಿತ್ತು. ಬುದ್ಧಿಮಾತು ಹೇಳುವಂತಿಲ್ಲ. ಪ್ರಶ್ನೆ ಕೇಳಬೇಕು, ಕೇಳಿ ಬಾಯಿ ಮುಚ್ಚಿಕೊಂಡು ಕಾಯಬೇಕು.

ಶಿವಮೊಗ್ಗದಲ್ಲಿ ಇದು ಸಾಧ್ಯವೇ ಸ್ವಾಮಿ? ನಿದ್ದೆ ಬರುತ್ತಿಲ್ಲ ಅಂತ ಯಾರಿಗಾದರೂ ಹೇಳಿ ನೋಡಿ. ವಾಕ್ಯ ಮುಗಿಯುವ ಮೊದಲೇ "ತಲೆ ಕೆಡಿಸ್ಕೋಬೇಡ ಮಾರಾಯ" ಬಂದಿರುತ್ತದೆ. ಹಿಂದೆಯೇ ಒಂದು ಕಷಾಯ. ಅದರ ಹಿಂದೆ ಅವರ ಷಡ್ಡಕನ ನಿದ್ದೆಯ ಕಥೆ. ಇನ್ನೊಂದು ಪ್ರಶ್ನೆ ಕೇಳುವವರು ಯಾರಾದರೂ ಇದ್ದಾರಾ?

ಒಬ್ಬಳಿದ್ದಳು. ಸುಪ್ರಿಯಾ ಎನ್ನೋಣ, ರವೀಂದ್ರನಗರದ ಹುಡುಗಿ. ಮಾತೇ ಕಡಿಮೆ. ನನ್ನ ಎದುರು ಕೂತವಳು ಎಷ್ಟು ಹೊತ್ತು ಸುಮ್ಮನಿದ್ದಳೆಂದರೆ, ಆ ಮೌನ ತುಂಬಿಸಲು ನಾನು ಮಾವನ ಕೆಮ್ಮಿನ ಸ್ಟಾಕನ್ನೆಲ್ಲ ಖಾಲಿ ಮಾಡಿದೆ. ಅವಳು ನನ್ನ ಅಂಗೈಯನ್ನೇ ನೋಡುತ್ತಿದ್ದಳು. ಆಮೇಲೆ ತಲೆ ಒಂದು ಕಡೆಗೆ ವಾಲಿಸಿ ಮೆಲ್ಲಗೆ ಕೇಳಿದಳು:

"ಆ ನಿಂಬೆಹಣ್ಣು ಇಲ್ದೇ ಇದ್ದಿದ್ರೆ ಏನಾಗ್ತಿತ್ತು ಅಂತ ನಿಮಗನ್ಸುತ್ತೆ?"

ನನ್ನ ಹತ್ತಿರ ಮಾವನ ಕೆಮ್ಮಿತ್ತು, ಪಂಚೆಯಿತ್ತು, ನಿಂಬೆಹಣ್ಣೂ ಇತ್ತು. ಉತ್ತರ ಇರಲಿಲ್ಲ. ಮಿಮಿಕ್ರಿಯವನ ಪಾಡೇ ಇಷ್ಟು. ಅಂಗಡಿಯ ಬೋರ್ಡು ನಮ್ಮದು, ಒಳಗಿನ ಮಾಲು ಬೇರೆಯವರದು.

ಭಾನುವಾರ ಕಾಗದನಗರಕ್ಕೆ ಹೋಗಿ ಮಾವನ ಮುಂದೆ ಎಲ್ಲ ಒಪ್ಪಿಸಿದೆ.

"ನನ್ನ ಮಾಡಿದ್ಯಾ? ಕೆಮ್ಮು ಸರಿಯಾಗಿ ಬಂತಾ?"

"ಬಂತು ಮಾವ."

"ಮದುವೆ ಮನೇಲಿ ಮಾಡಿದ್ದು ಸರಿ ಇರ್ಲಿಲ್ಲ. ಎಮ್ಮೆ ಕೆಮ್ಮಿದಂಗಿತ್ತು."

ಸುಪ್ರಿಯಾಳ ಪ್ರಶ್ನೆ ಮುಂದಿಟ್ಟೆ. ಅಡುಗೆಮನೆಯಿಂದ ಅತ್ತೆಯ ಉತ್ತರ ಮೊದಲು ಬಂತು. "ಏನಾಗ್ತಿತ್ತು? ಏನೂ ಆಗ್ತಿರ್ಲಿಲ್ಲ."

"ಅತ್ತೆ, ನೀವು ಸುಮ್ನಿರಿ. ಉತ್ತರ ಹೇಳ್ಕೊಡಂಗಿಲ್ಲ."

"ನನ್ ಮನೇಲಿ ನಂಗೇ ಹೇಳ್ತಾನೆ ನೋಡು," ಎಂದರೂ ಅತ್ತೆ ಬಾಗಿಲಿಗೆ ಬಂದು ಸುಮ್ಮನೆ ನಿಂತರು.

ಮಾವ ನೆಲ ನೋಡುತ್ತ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು. "ಸಾಯೋದಕ್ಕಲ್ಲ ಕಣೋ ಹೆದರಿಕೆ. ಬಸ್ಸಲ್ಲಿ ಬಿದ್ರೆ ಬಸ್ ನಿಲ್ಸಬೇಕಾಗುತ್ತೆ. ಎಲ್ರೂ ಕೆಲ್ಸ ಬಿಟ್ಟು ನನ್ನ ಸುತ್ತ ನಿಂತು ನೋಡ್ತಾರೆ. ಅಂಕಣದಲ್ಲಿ ಎಲ್ರನ್ನೂ ನಿಲ್ಸಿದೋನು ನಾನು. ಕೆಳಗೆ ಬಿದ್ದಿರೋ ನನ್ನನ್ನ ಜನ ನೋಡ್ಬಾರ್ದು."

"ಇದನ್ನ ನಂಗೆ ಯಾವತ್ತೂ ಹೇಳ್ಲೇ ಇಲ್ವಲ್ರೀ," ಅಂದರು ಅತ್ತೆ.

"ನೀನೆಲ್ಲಿ ಕೇಳ್ದೆ? ಏನೂ ಆಗಲ್ಲ ಅಂತ ಹೇಳ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ಆ ಹುಡುಗಿ ಮುಂದಕ್ಕೆ ಏನ್ ಕೇಳ್ತಾಳಂತೆ?"

ಮುಂದಿನ ಕ್ಲಾಸಿನಲ್ಲಿ ಈ ಮಾತನ್ನೇ ಮಾವನ ದನಿಯಲ್ಲಿ ಹೇಳಿದೆ. ಮೇಡಂ ಕೈ ಎತ್ತಿ ನಿಲ್ಲಿಸಿದರು. "ಇದು ನಿಮ್ಮ ಡೈಲಾಗ್ ಅಲ್ಲ. ಯಾರದು?"

ಹೇಳಿದೆ.

"ಚಿಕಿತ್ಸೆ ಪಾರ್ಸೆಲ್ ಕಳ್ಸೋಕಾಗಲ್ಲ. ಅವರನ್ನೇ ಬರೋಕೆ ಹೇಳಿ. ಹೇಗಾದ್ರೂ ಬರ್ಲಿ. ಸುಪ್ರಿಯಾ ಮಾತಾಡಿಸ್ತಾಳೆ, ನಾನು ಪಕ್ಕದಲ್ಲಿರ್ತೀನಿ."

ಸುಪ್ರಿಯಾಳ ಮುಖ ಮಾವ ಬಸ್ಸು ಹತ್ತುವಾಗಿನ ಮುಖದಂತಾಯಿತು. ಅವಳಿಗೆ ಇದೇ ಮೊದಲ ನಿಜವಾದ ರೋಗಿ.

ಮಾವ ಬಂದರು, ನನ್ನ ಬೈಕಿನ ಹಿಂದೆ ಕೂತು. ಬಾಗಿಲು ಮುಚ್ಚಿತು, ನಾನು ಹೊರಗೆ. ಒಳಗೆ ನಡೆದದ್ದರಲ್ಲಿ ಮಾವ ಹೇಳಿದಷ್ಟು ಮಾತ್ರ ನನಗೆ ಗೊತ್ತು. ಒಂದು ದಿನ ಮೂಗು ಹಿಡಿದುಕೊಂಡು ಸ್ಟ್ರಾದಲ್ಲಿ ಉಸಿರಾಡಲು ಹೇಳಿದರಂತೆ. ಸುಪ್ರಿಯಾ ತಾನೂ ಒಂದು ಸ್ಟ್ರಾ ಕಚ್ಚಿಕೊಂಡಳಂತೆ. "ಬಸ್ಸಲ್ಲಿ ಬರೋ ಆ ಡವಡವಾನೇ ಕಣೋ, ಕುರ್ಚಿ ಮೇಲೇ ಬಂತು. ಆ ಹುಡುಗೀಗೂ ಬಂತು. ಇಬ್ರಿಗೂ ತಾನಾಗೇ ಹೋಯ್ತು," ಎಂದು ಮಾವ ದೊಡ್ಡ ರಹಸ್ಯ ಹೇಳುವಂತೆ ಹೇಳಿದರು.

ಆಮೇಲೆ ಹೋಮ್‌ವರ್ಕು. ಮೊದಲು ಒಂದೇ ಸ್ಟಾಪು, ನಿಂಬೆಹಣ್ಣು ಅತ್ತೆಯ ಬ್ಯಾಗಿನಲ್ಲಿ. ಬಳಿಕ ನಿಂಬೆಹಣ್ಣು ಮನೆಯಲ್ಲಿ. ಬಳಿಕ ಅತ್ತೆಯೂ ಮನೆಯಲ್ಲಿ. ("ನಿಂಬೆಹಣ್ಣಿನ ಜೊತೆ ನನ್ನೂ ಸೇರಿಸಿಬಿಟ್ರು" ಎಂಬುದು ಅತ್ತೆಯ ದೂರು.) ಎಲ್ಲ ನೆಟ್ಟಗೆ ನಡೆಯಿತು ಅಂದುಕೊಳ್ಳಬೇಡಿ. ಅರ್ಧದಲ್ಲೇ ಇಳಿದು ಆಟೋ ಹಿಡಿದು ವಾಪಸ್ ಬಂದ ದಿನಗಳೂ ಇದ್ದವು. ಅಂಥ ದಿನ ಸುಪ್ರಿಯಾ ಬೈಯಲಿಲ್ಲವಂತೆ, ಸಮಾಧಾನವನ್ನೂ ಹೇಳಲಿಲ್ಲವಂತೆ. ಇಳಿಯುವ ಮುಂಚೆ ಮನಸ್ಸಿಗೆ ಏನು ಬಂತು ಅಂತ ಕೇಳಿದಳಂತೆ.

ಹದಿನೈದು ದಿನದ ಹಿಂದೆ ಶಿವಮೊಗ್ಗದಿಂದ ಫೋನ್ ಬಂತು. ಕಾಲೇಜು ಹುಡುಗರ ಟೂರ್ನಮೆಂಟು. ಮಾವ "ಮಂಡಿ..." ಅಂತ ಶುರು ಮಾಡಿದವರು ಅಲ್ಲೇ ನಿಲ್ಲಿಸಿ, "ಬರ್ತೀನಿ" ಅಂದರು. ನನಗೆ, "ಬೈಕ್ ತರ್ಬೇಡ."

ಕಳೆದ ಭಾನುವಾರ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಕಾದೆ. ಭದ್ರಾವತಿ ಬಸ್ಸು ಬಂದು ನಿಂತಿತು. ಬಾಗಿಲ ಪಕ್ಕದ ಸೀಟಿನಲ್ಲಿ ಮಾವ ಇಲ್ಲ. ಜನ ಇಳಿದರು, ಮಾವ ಇಲ್ಲ. ನನ್ನ ಎದೆ ಡವಗುಟ್ಟತೊಡಗಿತು. (ಮಿಮಿಕ್ರಿ ಅಲ್ಲ.)

ಎಲ್ಲರೂ ಇಳಿದ ಮೇಲೆ ಹಿಂದಿನ ಸೀಟಿನಿಂದ ಎದ್ದು ಬಂದರು. ಶರ್ಟು ಬೆವರಿಗೆ ಬೆನ್ನಿಗಂಟಿತ್ತು. ಕೊರಳಲ್ಲಿ ವಿಷಲ್.

"ಬಂತಾ ಮಾವ?"

"ಮಾಚೇನಹಳ್ಳೀಲಿ ಬಂತು."

"ಆಮೇಲೆ?"

"ಮಲವಗೊಪ್ಪದ ಹೊತ್ತಿಗೆ ಅದಕ್ಕೇ ಬೇಜಾರಾಗಿ ಇಳ್ಕೊಂಡು ಹೋಯ್ತು."

ನಗುತ್ತಿದ್ದವರು ನನ್ನ ಶರ್ಟಿನ ಜೇಬು ನೋಡಿದರು. ಉಬ್ಬಿತ್ತು. ಕೈ ಹಾಕಿ ಹೊರಗೆ ತೆಗೆದರು. ನಿಂಬೆಹಣ್ಣು. ಬಸ್ಸಿಗೆ ಕಾಯುವಾಗ ಸ್ಟ್ಯಾಂಡಿನ ಹೊರಗೆ ಕೊಂಡದ್ದು.

"ಏನೋ ಇದು?"

"ಸುಮ್ನೆ ಮಾವ. ನಿಮಗೇನಾದ್ರೂ ಆದ್ರೆ ಇರ್ಲಿ ಅಂತ."

ಮಾವ ಅದನ್ನು ಅಂಗೈಯಲ್ಲಿ ಹೊರಳಿಸಿದರು. ತಲೆಯನ್ನು ಒಂದು ಕಡೆಗೆ ವಾಲಿಸಿದರು. ನನ್ನ ಇಷ್ಟು ವರ್ಷದ ಮಿಮಿಕ್ರಿಯನ್ನೆಲ್ಲ ನಾಚಿಸುವಂತೆ, ಥೇಟ್ ಸುಪ್ರಿಯಾಳ ದನಿಯಲ್ಲಿ ಮೆಲ್ಲಗೆ ಕೇಳಿದರು:

"ಇದು ಇಲ್ದೇ ಇದ್ದಿದ್ರೆ ಏನಾಗ್ತಿತ್ತು ಅಂತ ನಿಮಗನ್ಸುತ್ತೆ?"